ನಿಂತೇ ಇರುವ ಕಾರಿನ ಬ್ಯಾಟರಿಗೆ ಯಾವ ಚಾರ್ಜರ್, ಎಷ್ಟು ಹೊತ್ತು?

ಪ್ರಶ್ನೆ: ನಾನು ಮಂಡ್ಯದಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದೆ, ಈಗ ನಿವೃತ್ತ. ಮನೆಯಲ್ಲಿ ಒಂದು ಸಣ್ಣ ಪೆಟ್ರೋಲ್ ಕಾರಿದೆ, 35 ಎಎಚ್ ಬ್ಯಾಟರಿ. ವಾರಕ್ಕೊಂದು ಸಲ ಮಾರ್ಕೆಟ್ಟಿಗೋ ದೇವಸ್ಥಾನಕ್ಕೋ ಹೋದರೆ ಹೆಚ್ಚು. ಬೆಂಗಳೂರಿಗೆ ಮಗಳ ಮನೆಗೆ ರೈಲಲ್ಲಿ ಹೋಗಿ ಮೂರು ವಾರ ಬಿಟ್ಟು ಬಂದರೆ ಸೆಲ್ಫ್ ಎತ್ತುವುದೇ ಇಲ್ಲ. ಎರಡು ವರ್ಷಕ್ಕೊಂದು ಬ್ಯಾಟರಿ ಬದಲಾಯಿಸುತ್ತಿದ್ದೇನೆ. ದಿನಾ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಇಡಿ ಅಂತ ಒಬ್ಬರು ಹೇಳುತ್ತಾರೆ. ಮನೆಯ ಯುಪಿಎಸ್‌ಗೇ ಸಿಕ್ಕಿಸಿ ಅಂತ ಇನ್ನೊಬ್ಬರು. ಆನ್‌ಲೈನಿನಲ್ಲಿ ‘ಬ್ಯಾಟರಿ ಮೇಂಟೇನರ್’ ಅಂತ ಸಿಗುತ್ತದೆ. ಅದನ್ನು ಸದಾ ಹಾಕಿಟ್ಟರೆ ಅಪಾಯ ಇಲ್ಲವೇ? ಮನೆಯವರ ಸ್ಕೂಟರ್, ಊರಲ್ಲಿ ಒಂದು ಟ್ರ್ಯಾಕ್ಟರ್, ನಮ್ಮ ತಂದೆಯವರ ಕಾಲದ ಒಂದು ಯೆಜ್ಡಿ ಬೈಕ್ ಕೂಡ ಇದೆ. ಎಲ್ಲಕ್ಕೂ ಒಂದೇ ಚಾರ್ಜರ್ ಸಾಕಾ?

ಉತ್ತರ: ಮೇಷ್ಟ್ರೇ, ನಿಮ್ಮ ಬ್ಯಾಟರಿ ಓಡಿ ಓಡಿ ಸವೆಯುತ್ತಿಲ್ಲ. ನಿಂತು ನಿಂತು ಕೆಡುತ್ತಿದೆ. ಕೆಟ್ಟಿತು ಅಂತ ಹೊಸದು ಹಾಕಿಸುತ್ತೀರಿ, ಅದೂ ಹಾಗೇ ನಿಲ್ಲುತ್ತದೆ, ಅದೂ ಕೆಡುತ್ತದೆ. ಹಾಗಾಗಿ ನಿಮಗೆ ಒಂದು ಚಾರ್ಜರ್ ಬೇಕು, ಅದರಲ್ಲಿ ಅನುಮಾನ ಇಲ್ಲ. ಆದರೆ ಕೊಳ್ಳುವ ಮುಂಚೆ ಕಾರಿನಿಂದ ಕರೆಂಟ್ ಎಷ್ಟು ಸೋರುತ್ತಿದೆ ಅಂತ ನೋಡಿಸಿ. ಸೋರಿಕೆ ಜಾಸ್ತಿ ಇದ್ದರೆ ಚಾರ್ಜರ್ ಅದನ್ನು ಮುಚ್ಚಿಡುತ್ತದೆ ಅಷ್ಟೇ, ಸರಿ ಮಾಡುವುದಿಲ್ಲ.

ಕಾರಿಗೆ ಬೀಗ ಹಾಕಿದರೂ ಗಡಿಯಾರ, ರಿಮೋಟ್ ಲಾಕಿನ ರಿಸೀವರ್, ಅಲಾರಂ, ಇಂಜಿನ್ ಕಂಪ್ಯೂಟರ್ ಎಲ್ಲವೂ ಚೂರು ಚೂರು ಕರೆಂಟ್ ಎಳೆಯುತ್ತಲೇ ಇರುತ್ತವೆ. ಎಲ್ಲ ಸರಿ ಇರುವ ಕಾರಿನಲ್ಲಿ ಇದು ಸಾಮಾನ್ಯವಾಗಿ 20ರಿಂದ 50 ಮಿಲಿ ಆಂಪಿಯರ್. 30 ಅಂತ ಇಟ್ಟುಕೊಳ್ಳೋಣ. ದಿನಕ್ಕೆ 0.72 ಎಎಚ್ ಆಯಿತು (ಎಎಚ್ ಅಂದರೆ ಆಂಪಿಯರ್-ಅವರ್, ಒಂದು ಆಂಪಿಯರನ್ನು ಒಂದು ಗಂಟೆ ಎಳೆದಷ್ಟು ಚಾರ್ಜ್). ಮೂರು ವಾರಕ್ಕೆ 15. ಹೊಸ ಬ್ಯಾಟರಿ, ಅದೂ ಪೂರ್ತಿ ತುಂಬಿದ್ದರೆ, 35ರಲ್ಲಿ 15 ಹೋದರೂ 20 ಉಳಿಯುತ್ತದೆ. ಸೆಲ್ಫ್ ಎತ್ತುತ್ತದೆ. ಆದರೆ ನಿಮ್ಮದು ಪೂರ್ತಿ ತುಂಬುವುದು ಯಾವಾಗ ಹೇಳಿ? ಮಾರ್ಕೆಟ್ಟಿಗೆ ಹೋಗಿ ಬರುವ ಎರಡು ಮೂರು ಕಿಲೋಮೀಟರಿನಲ್ಲಿ ಏನೂ ತುಂಬುವುದಿಲ್ಲ. ಮುಕ್ಕಾಲು ತುಂಬಿದ, ವಯಸ್ಸಾದ ಬ್ಯಾಟರಿಯಿಂದ 15 ಕಳೆದರೆ ಉಳಿಯುವುದು ಟಕ್ ಟಕ್ ಅನ್ನುವ ಸದ್ದು ಮಾತ್ರ.

ಇದಕ್ಕಿಂತ ದೊಡ್ಡ ನಷ್ಟ ಕಣ್ಣಿಗೆ ಕಾಣುವುದಿಲ್ಲ. ಬ್ಯಾಟರಿ ಖಾಲಿಯಾಗುತ್ತಾ ಹೋದಂತೆ ಒಳಗಿನ ಸೀಸದ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಅದು ರೋಗವಲ್ಲ, ಬ್ಯಾಟರಿ ಕೆಲಸ ಮಾಡುವುದೇ ಹಾಗೆ. ತಡಮಾಡದೆ ಚಾರ್ಜ್ ಮಾಡಿದರೆ ಅದೆಲ್ಲ ಮತ್ತೆ ಬಿಟ್ಟುಕೊಳ್ಳುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಹರಳುಗಟ್ಟಿ ಗಟ್ಟಿಯಾಗುತ್ತದೆ. ಗಟ್ಟಿಯಾದಷ್ಟು ಜಾಗ ಬ್ಯಾಟರಿಯ ಪಾಲಿಗೆ ಹೋದಂತೆಯೇ. ಮೇಲೆ 35 ಅಂತ ಬರೆದಿರುತ್ತದೆ, ಒಳಗೆ 20 ಇದ್ದರೆ ಪುಣ್ಯ. ಇದರ ಮೇಲೆ ನಮ್ಮ ಕಡೆಯ ಬೇಸಿಗೆ ಬೇರೆ. ಬಿಸಿ ಹತ್ತು ಡಿಗ್ರಿ ಏರಿದರೆ ಬ್ಯಾಟರಿ ತಾನಾಗೇ ಖಾಲಿಯಾಗುವ ವೇಗ ಹೆಚ್ಚು ಕಡಿಮೆ ಎರಡು ಪಟ್ಟಾಗುತ್ತದೆ. ಚಳಿಗೆ ಬ್ಯಾಟರಿ ಕೆಡುತ್ತದೆ ಅನ್ನುವುದು ಹಿಮ ಬೀಳುವ ದೇಶದವರ ಚಿಂತೆ. ಮಂಡ್ಯ, ಮೈಸೂರಿನಲ್ಲಿ ಬ್ಯಾಟರಿಯನ್ನು ಕೊಲ್ಲುವುದು ಏಪ್ರಿಲ್, ಮೇ ತಿಂಗಳು.

ದಿನಾ ಹತ್ತು ನಿಮಿಷ ಸ್ಟಾರ್ಟ್ ಮಾಡುವ ಸಲಹೆಯನ್ನು ದಯವಿಟ್ಟು ಬಿಡಿ. ಸೆಲ್ಫ್ ಹೊಡೆದಿದ್ದಕ್ಕೇ ಬ್ಯಾಟರಿ ಖಾಲಿಯಾಗುತ್ತದೆ ಅಂತಲ್ಲ. ಎರಡು ಸೆಕೆಂಡು ಸೆಲ್ಫ್ ಹೊಡೆಯಲು ಹೋಗುವ ಚಾರ್ಜ್ ತೀರಾ ಕಡಿಮೆ. ತೊಂದರೆ ಇರುವುದು ತುಂಬುವ ಕಡೆ. ಇಂಜಿನ್ ತಿರುಗುವಾಗ ಬ್ಯಾಟರಿಗೆ ಕರೆಂಟ್ ತುಂಬುವುದು ಆಲ್ಟರ್ನೇಟರ್. ಗಾಡಿ ನಿಂತಲ್ಲೇ ಐಡಲ್‌ನಲ್ಲಿದ್ದಾಗ ಅದು ಕೊಡುವುದೇ ಕಮ್ಮಿ, ಅದರಲ್ಲಿ ಫ್ಯಾನು, ಪೆಟ್ರೋಲ್ ಪಂಪು, ಲೈಟು ತಮ್ಮ ಪಾಲು ತೆಗೆದುಕೊಳ್ಳುತ್ತವೆ. ಅಲ್ಲದೆ ಲೆಡ್ ಆಸಿಡ್ ಬ್ಯಾಟರಿ ಕೊನೆಯ 20 ಪರ್ಸೆಂಟನ್ನು ಬಹಳ ನಿಧಾನವಾಗಿ ತೆಗೆದುಕೊಳ್ಳುತ್ತದೆ. ನೀವು ಎಷ್ಟು ತುರುಕಿದರೂ ಅದು ಗಂಟೆಗಳ ಕೆಲಸ. ಹತ್ತು ನಿಮಿಷದಲ್ಲಿ ಇಂಜಿನ್ ಸರಿಯಾಗಿ ಬಿಸಿಯೂ ಆಗುವುದಿಲ್ಲ, ಸೈಲೆನ್ಸರಿನಲ್ಲಿ ನೀರು ನಿಲ್ಲುತ್ತದೆ, ಪೆಟ್ರೋಲೂ ದಂಡ. ಅದರ ಬದಲು ಎರಡು ವಾರಕ್ಕೊಮ್ಮೆ ಮೈಸೂರಿಗೆ ಹೋಗಿ ಬನ್ನಿ. ಮಂಡ್ಯದಿಂದ ಸುಮಾರು 45 ಕಿಲೋಮೀಟರ್. ಹೋಗಿ ಬರುವುದರಲ್ಲಿ ಬ್ಯಾಟರಿಗೆ ಒಳ್ಳೆಯ ಊಟ.

ಯುಪಿಎಸ್ ವಿಚಾರ ಇನ್ನೂ ಕೆಟ್ಟದ್ದು. ಮನೆಯ ಯುಪಿಎಸ್ ಇರುವುದು 150 ಎಎಚ್‌ನಂಥ ದೊಡ್ಡ ಟ್ಯೂಬುಲರ್ ಬ್ಯಾಟರಿಗೆ. ಅದು 10ರಿಂದ 15 ಆಂಪಿಯರ್ ನೂಕುತ್ತದೆ. ನಿಮ್ಮ 35 ಎಎಚ್ ಬ್ಯಾಟರಿಗೆ 35ರ ಹತ್ತನೇ ಒಂದು ಭಾಗ, ಅಂದರೆ ಮೂರೂವರೆ ನಾಲ್ಕು ಆಂಪಿಯರ್ ಸಾಕು. ಜಾಸ್ತಿ ನೂಕಿದರೆ ಬ್ಯಾಟರಿ ಬಿಸಿಯಾಗಿ ಒಳಗಿನ ನೀರು ಗ್ಯಾಸಾಗಿ ಹೋಗುತ್ತದೆ. ಮಧ್ಯದಲ್ಲಿ ಕರೆಂಟ್ ಹೋಯಿತು ಅನ್ನಿ. ಮನೆಯ ಫ್ಯಾನು, ಟಿವಿ, ಲೈಟಿನ ಭಾರವೆಲ್ಲ ಆ ಪುಟ್ಟ ಬ್ಯಾಟರಿಯ ಮೇಲೆ ಬೀಳುತ್ತದೆ. 400 ವ್ಯಾಟ್ ಲೋಡ್ ಇದ್ದರೆ 35 ಆಂಪಿಯರಿಗೂ ಮೇಲೆ ಎಳೆಯುತ್ತದೆ. ತುಂಬಿಸಲು ಹೋಗಿ ಖಾಲಿ ಮಾಡಿದಂತೆ.

ಈಗ ಕೆಲಸಕ್ಕೆ ಬರೋಣ. ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ತಂದಿಟ್ಟುಕೊಳ್ಳಿ. ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದು ಚಾರ್ಜರಿಗಿಂತ ಮುಖ್ಯ. ಕಾರು ರಾತ್ರಿಯೆಲ್ಲ ನಿಂತಿರಲಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಬಾನೆಟ್ ತೆಗೆದು ಬ್ಯಾಟರಿಯ ಎರಡು ಟರ್ಮಿನಲ್‌ಗೆ ಮೀಟರಿನ ಕಡ್ಡಿ ಮುಟ್ಟಿಸಿ. 12.6 ವೋಲ್ಟ್ ಅಥವಾ ಅದಕ್ಕಿಂತ ಮೇಲೆ ಇದ್ದರೆ ಪೂರ್ತಿ ತುಂಬಿದೆ. 12.4 ಅಂದರೆ ಮುಕ್ಕಾಲು. 12.2 ಅಂದರೆ ಅರ್ಧ. 12ಕ್ಕೆ ಬಂದರೆ ಕಾಲು ಭಾಗ ಉಳಿದಿದೆ. 11.8ರ ಕೆಳಗಿದ್ದರೆ ಖಾಲಿ ಅಂತಲೇ ಲೆಕ್ಕ. ನೋಡಿ, ತುಂಬಿದ್ದಕ್ಕೂ ಖಾಲಿಗೂ ಒಂದು ವೋಲ್ಟ್ ಕೂಡ ವ್ಯತ್ಯಾಸ ಇಲ್ಲ. ‘12 ವೋಲ್ಟ್ ತೋರಿಸ್ತಾ ಇದೆ, ಬ್ಯಾಟರಿ ಚೆನ್ನಾಗಿದೆ’ ಅಂತ ಹೇಳುವವರು ಇದನ್ನೇ ಮರೆಯುತ್ತಾರೆ.

ಬ್ಯಾಟರಿಯ ಮೇಲೆ ಹಸಿರು ಕಣ್ಣು ಇದೆಯಲ್ಲ, ಅದನ್ನೇ ನಂಬಿ ಕೂರಬೇಡಿ. ಒಳಗೆ ಆರು ಸೆಲ್ ಇವೆ. ಆ ಕಣ್ಣು ನೋಡುವುದು ಒಂದೇ ಸೆಲ್ಲನ್ನು. ಉಳಿದ ಐದರಲ್ಲಿ ಒಂದು ಸತ್ತಿದ್ದರೂ ಅದು ಹಸಿರಾಗಿಯೇ ಇರಬಹುದು.

ಆಮೇಲೆ ಇಂಜಿನ್ ಸ್ಟಾರ್ಟ್ ಮಾಡಿ ಅದೇ ಟರ್ಮಿನಲ್‌ಗಳಲ್ಲಿ ನೋಡಿ. 13.8ರಿಂದ 14.5ರ ಒಳಗೆ ಬಂದರೆ ಆಲ್ಟರ್ನೇಟರ್, ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಡೈನಮೋ, ಸಾಮಾನ್ಯವಾಗಿ ಸರಿಯಿದೆ ಅಂತ. ಕೆಲವು ಹೊಸ ಕಾರುಗಳಲ್ಲಿ ಕಂಪ್ಯೂಟರೇ ಇದನ್ನು ಹೆಚ್ಚು ಕಡಿಮೆ ಮಾಡುತ್ತಾ ಇರುತ್ತದೆ, ಸ್ವಲ್ಪ ಏರುಪೇರು ಕಂಡರೆ ಗಾಬರಿ ಬೇಡ.

ಸೋರಿಕೆ ಪರೀಕ್ಷೆಯನ್ನು ಒಬ್ಬ ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ, ಆದರೆ ಪಕ್ಕದಲ್ಲೇ ನಿಂತು ನೋಡಿ. ಮೈನಸ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಟರ್ಮಿನಲ್ಲಿಗೂ ಮಧ್ಯೆ ಮೀಟರನ್ನು, ಅದರ ಕೆಂಪು ಕಡ್ಡಿಯ ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಸೇರಿಸಬೇಕು. ಕಾರು ಲಾಕ್ ಮಾಡಿ ಅರ್ಧ ಗಂಟೆ ಕಾಯಬೇಕು. ಬಹಳ ಜನ ಇಲ್ಲೇ ಎಡವುವುದು. ಕೂಡಲೇ ನೋಡಿದರೆ ಕಂಪ್ಯೂಟರ್‌ಗಳು ಇನ್ನೂ ಎಚ್ಚರವಾಗಿರುತ್ತವೆ, ಮೀಟರ್ ಜಾಸ್ತಿ ತೋರಿಸುತ್ತದೆ, ಸುಮ್ನೆ ಇಲ್ಲದ ದೋಷ ಹುಡುಕುತ್ತಾ ಕೂರುತ್ತಾರೆ. ಮೀಟರ್ ಸಿಕ್ಕಿಸಿರುವಾಗ ಯಾರೂ ಸೆಲ್ಫ್ ಹೊಡೆಯಬಾರದು, ಮೀಟರಿನ ಫ್ಯೂಸ್ ಹಾರುತ್ತದೆ. ಅರ್ಧ ಗಂಟೆ ಆದ ಮೇಲೂ 100, 200 ಮಿಲಿ ಆಂಪಿಯರ್ ಇದ್ದರೆ ಒಂದೊಂದೇ ಫ್ಯೂಸ್ ಕಿತ್ತು ನೋಡುತ್ತಾ ಹೋಗಬೇಕು. ಯಾವುದನ್ನು ಕಿತ್ತಾಗ ಕೆಳಗಿಳಿಯುತ್ತದೋ ಅಲ್ಲೇ ಕಳ್ಳ ಇದ್ದಾನೆ. ಹೆಚ್ಚಿನ ಸಲ ಅದು ಕಂಪನಿಯ ಸಾಮಾನಲ್ಲ. ಆಮೇಲೆ ಹಾಕಿಸಿದ ಮ್ಯೂಸಿಕ್ ಸಿಸ್ಟಮ್, ಡ್ಯಾಶ್ ಕ್ಯಾಮೆರಾ, ಜಿಪಿಎಸ್ ಟ್ರ್ಯಾಕರ್, ಇಲ್ಲವೇ ಡಿಕ್ಕಿಯ ಲೈಟು ಮುಚ್ಚಿದ ಮೇಲೂ ಉರಿಯುತ್ತಿರುವುದು. ಮಗಳು ಪ್ರೀತಿಯಿಂದ ಡ್ಯಾಶ್ ಕ್ಯಾಮೆರಾ ಕೊಡಿಸಿದ್ದರೆ ಮೊದಲು ಅದನ್ನು ನೋಡಿಸಿ.

ಇಷ್ಟಾದ ಮೇಲೆ ಚಾರ್ಜರ್. ಮಾರ್ಕೆಟ್ಟಿನಲ್ಲಿ ಮೂರು ಜಾತಿ ಇವೆ. ಮೊದಲನೆಯದು ಬ್ಯಾಟರಿ ಅಂಗಡಿಗಳಲ್ಲಿ ಕಾಣುವ, ತಗಡಿನ ಪೆಟ್ಟಿಗೆಯ, ಮುಳ್ಳಿನ ಆಂಪಿಯರ್ ಮೀಟರ್ ಇರುವ ಟ್ರಾನ್ಸ್‌ಫಾರ್ಮರ್ ಚಾರ್ಜರ್. ಗಟ್ಟಿಮುಟ್ಟು. ಆದರೆ ಹೆಚ್ಚಿನವಕ್ಕೆ ಸಾಕು ಅನ್ನುವುದು ಗೊತ್ತಿಲ್ಲ. ಬ್ಯಾಟರಿ ತುಂಬಿದ ಮೇಲೂ ನೂಕುತ್ತಲೇ ಇರುತ್ತವೆ. ಪಕ್ಕದಲ್ಲಿ ಆಳು ಇದ್ದರೆ ಸರಿ, ಮನೆಯಲ್ಲಿ ಹಾಕಿ ಮಲಗುವ ವಸ್ತುವಲ್ಲ. ಎರಡನೆಯದು ಮುಕ್ಕಾಲೋ ಒಂದೋ ಆಂಪಿಯರಿನ ಪುಟ್ಟ ಮೇಂಟೇನರ್. ತುಂಬಿದ ಬ್ಯಾಟರಿಯನ್ನು ತುಂಬಿದ ಹಾಗೇ ಇಡಲು ಅದು ಚೆನ್ನ. ಖಾಲಿಯಾದ ಕಾರ್ ಬ್ಯಾಟರಿಯನ್ನು ಎಬ್ಬಿಸಲು ಅದಕ್ಕೆ ಒಂದು ಹಗಲು ರಾತ್ರಿಯೂ ಸಾಲದು. ಮೂರನೆಯದು ಸ್ಮಾರ್ಟ್ ಚಾರ್ಜರ್. ಖಾಲಿ ಬ್ಯಾಟರಿಯನ್ನು ತುಂಬಿಸಿ, ಆಮೇಲೆ ತಾನೇ ಮೇಂಟೇನರ್ ಆಗುತ್ತದೆ. ನಿಮಗೆ ಬೇಕಾದ್ದು ಇದೇ, 4 ಅಥವಾ 5 ಆಂಪಿಯರಿನದು.

ಅದು ಕೆಲಸ ಮಾಡುವ ರೀತಿ ಸ್ವಲ್ಪ ತಿಳಿದುಕೊಂಡರೆ ನಿಮ್ಮ ‘ಸದಾ ಹಾಕಿಟ್ಟರೆ ಅಪಾಯವೇ’ ಪ್ರಶ್ನೆಗೂ ಉತ್ತರ ಸಿಗುತ್ತದೆ. ಮೊದಲು ಪೂರ್ತಿ ಆಂಪಿಯರ್ ಕೊಡುತ್ತದೆ, ವೋಲ್ಟೇಜ್ ನಿಧಾನವಾಗಿ ಏರುತ್ತಾ 14.4ರ ಆಸುಪಾಸಿಗೆ ಬರುತ್ತದೆ. ಅಷ್ಟು ಹೊತ್ತಿಗೆ ಬ್ಯಾಟರಿ ಸುಮಾರು 80 ಪರ್ಸೆಂಟ್ ತುಂಬಿರುತ್ತದೆ. ಆಮೇಲೆ ವೋಲ್ಟೇಜನ್ನು ಅಲ್ಲೇ ಹಿಡಿದು ನಿಲ್ಲಿಸುತ್ತದೆ. ಬ್ಯಾಟರಿ ತನಗೆ ಬೇಕಾದಷ್ಟು ಮಾತ್ರ ಎಳೆದುಕೊಳ್ಳುತ್ತಾ ಆಂಪಿಯರ್ ಇಳಿಯುತ್ತಾ ಹೋಗುತ್ತದೆ. ಪೂರ್ತಿ ತುಂಬಿದ ಮೇಲೆ ಚಾರ್ಜರ್ ವೋಲ್ಟೇಜನ್ನು 13.2ರಿಂದ 13.8ರ ಒಳಗೆ ಇಳಿಸಿಬಿಡುತ್ತದೆ. ಹಾಲು ಉಕ್ಕಿ ಬಂದ ಮೇಲೆ ಉರಿ ತಗ್ಗಿಸಿ ಬಿಡುತ್ತೇವಲ್ಲ, ಹಾಗೆ. ಇದನ್ನು ಫ್ಲೋಟ್ ಅನ್ನುತ್ತಾರೆ. ಸೋರಿದಷ್ಟನ್ನು ಮಾತ್ರ ತುಂಬುತ್ತಾ ಇರುತ್ತದೆ. ಬ್ಯಾಟರಿ ಬಿಸಿಯಾಗುವುದಿಲ್ಲ, ನೀರು ಆರುವುದೂ ತೀರಾ ಕಡಿಮೆ.

ಹಾಗಾಗಿ ಸದಾ ಹಾಕಿಡಬಹುದಾ ಅನ್ನುವುದು ಆ ಚಾರ್ಜರ್ ನಿಜಕ್ಕೂ ಫ್ಲೋಟಿಗೆ ಇಳಿಯುತ್ತದಾ ಅನ್ನುವುದರ ಮೇಲಿದೆ. ಡಬ್ಬಿಯ ಮೇಲೆ ಎಲ್ಲರೂ ‘ಆಟೋಮ್ಯಾಟಿಕ್’ ಅಂತ ಬರೆಯುತ್ತಾರೆ. ಅದನ್ನು ನಂಬಬೇಡಿ, ಮೀಟರ್ ನಂಬಿ. ಚಾರ್ಜರಿನ ಹಸಿರು ದೀಪ ಬಂದು ಒಂದು ದಿನ ಆದ ಮೇಲೆ, ಚಾರ್ಜರ್ ಆನ್ ಇರುವಾಗಲೇ, ಬ್ಯಾಟರಿ ಟರ್ಮಿನಲ್ಲಿನಲ್ಲಿ ವೋಲ್ಟೇಜ್ ನೋಡಿ. 13.2ರಿಂದ 13.8 ಇದ್ದರೆ ಅದು ಒಳ್ಳೆಯ ಮೇಂಟೇನರ್. ಕೆಲವು ಚಾರ್ಜರ್ ಪೂರ್ತಿ ಆಫ್ ಆಗಿ, 12.7ಕ್ಕೋ 12.8ಕ್ಕೋ ಇಳಿದಾಗ ಮತ್ತೆ ಎದ್ದು ಸ್ವಲ್ಪ ತುಂಬುತ್ತವೆ, ಅದೂ ಸರಿಯೇ. ಆದರೆ ಒಂದು ದಿನ ಆದ ಮೇಲೂ 14.4ರಲ್ಲೇ ನಿಂತಿದ್ದರೆ ಅದನ್ನು ಸದಾ ಹಾಕಿಡಬೇಡಿ. ಆಗ ರಾತ್ರಿ ಹಾಕಿ ಬೆಳಿಗ್ಗೆ ತೆಗೆಯುವ ಚಾರ್ಜರ್ ಅಷ್ಟೇ ಅದು.

ಒಳ್ಳೆಯ ಮೇಂಟೇನರೇ ಆದರೂ, ಮನೆಯಲ್ಲೇ ಇರುವಾಗ ನಿಮಗೆ ಅದನ್ನು ವರ್ಷವಿಡೀ ಹಾಕಿಡುವ ಅಗತ್ಯ ನನಗೆ ಕಾಣುವುದಿಲ್ಲ. ಹದಿನೈದು ದಿನಕ್ಕೊಂದು ರಾತ್ರಿ ಹಾಕಿ ಬೆಳಿಗ್ಗೆ ತೆಗೆಯಿರಿ. ಬೇಸಿಗೆಯಲ್ಲಂತೂ ಹಾಗೇ ಮಾಡಿ. ಬಿಸಿ ಏರಿದಷ್ಟೂ ಫ್ಲೋಟ್ ವೋಲ್ಟೇಜ್ ಇಳಿಯಬೇಕು, ಬಿಸಿ ನೋಡಿ ತಾನಾಗಿ ಇಳಿಸುವ ಏರ್ಪಾಟು ಅಗ್ಗದ ಚಾರ್ಜರ್‌ಗಳಲ್ಲಿ ಇರುವುದಿಲ್ಲ. ಮೂರು ವಾರ ಊರಿಗೆ ಹೋಗುವಾಗ? ಹೋಗುವ ಹಿಂದಿನ ರಾತ್ರಿ ಪೂರ್ತಿ ತುಂಬಿಸಿ, ಬೆಳಿಗ್ಗೆ ಚಾರ್ಜರ್ ತೆಗೆದು, 10 ನಂಬರ್ ಸ್ಪ್ಯಾನರಿನಲ್ಲಿ ಮೈನಸ್ ಕೇಬಲ್ ಬಿಚ್ಚಿ ಹೋಗಿ. ಗಡಿಯಾರ ಮತ್ತೆ ಸೆಟ್ ಮಾಡಬೇಕಾಗುತ್ತದೆ, ಕೆಲವು ಕಾರಿನಲ್ಲಿ ಮ್ಯೂಸಿಕ್ ಸಿಸ್ಟಮ್ ಕೋಡ್ ಕೇಳುತ್ತದೆ, ಪವರ್ ವಿಂಡೋ ಒಂದು ಸಲ ಪೂರ್ತಿ ಇಳಿಸಿ ಏರಿಸಬೇಕಾಗಬಹುದು. ರಿಮೋಟ್ ಲಾಕ್ ಕೆಲಸ ಮಾಡುವುದಿಲ್ಲ, ಕೀಲಿ ಹಾಕಿಯೇ ಬಾಗಿಲು ಮುಚ್ಚಬೇಕು. ಅಷ್ಟೇ ತೊಂದರೆ. ಮನೆಯಲ್ಲಿ ಯಾರೂ ಇಲ್ಲದಾಗ 230 ವೋಲ್ಟಿನ ವಸ್ತುವನ್ನು ಪ್ಲಗ್ಗಿನಲ್ಲಿ ಬಿಟ್ಟು ಹೋಗುವುದಕ್ಕಿಂತ ಇದು ನನಗೆ ಇಷ್ಟ.

ಹಾಕುವ ಕ್ರಮ ತಪ್ಪಬಾರದು. ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ 4 ಪರ್ಸೆಂಟ್ ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಶೆಡ್ಡಿನ ಬಾಗಿಲು ತೆರೆದಿರಲಿ. ಕೈಯ ಉಂಗುರ, ವಾಚು ತೆಗೆದಿಡಿ. ಗೋಡೆಯ ಸ್ವಿಚ್ ಆಫ್ ಇರಲಿ. ಮೊದಲು ಕೆಂಪು ಕ್ಲಿಪ್ಪನ್ನು ಪ್ಲಸ್ ಟರ್ಮಿನಲ್ಲಿಗೆ ಹಾಕಿ. ಗುರುತು ಅಳಿಸಿಹೋಗಿದ್ದರೆ, ಎರಡರಲ್ಲಿ ಸ್ವಲ್ಪ ದಪ್ಪಗಿರುವ ಕಂಬವೇ ಪ್ಲಸ್. ಮೀಟರಿನಲ್ಲಿ ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಕಪ್ಪು ಕ್ಲಿಪ್ಪನ್ನು ಬ್ಯಾಟರಿಯ ಮೈನಸ್ಸಿಗೆ ಹಾಕಬೇಡಿ, ಬ್ಯಾಟರಿಯಿಂದ ಒಂದಡಿ ದೂರದಲ್ಲಿ ಇಂಜಿನ್ನಿನದೋ ಬಾಡಿಯದೋ ಪೇಂಟ್ ಇಲ್ಲದ ಬೋಲ್ಟಿಗೆ ಕಚ್ಚಿಸಿ. ಕಿಡಿ ಹಾರಿದರೂ ಗ್ಯಾಸಿನಿಂದ ದೂರ ಹಾರಲಿ ಅಂತ. ಹೊಸ ಕಾರುಗಳಲ್ಲಿ ಇನ್ನೊಂದು ಕಾರಣವೂ ಇದೆ. ಮೈನಸ್ ಟರ್ಮಿನಲ್ ಮೇಲೆ ಬೆರಳಷ್ಟು ದಪ್ಪದ ಒಂದು ಕಪ್ಪು ಡಬ್ಬಿ, ಅದಕ್ಕೊಂದು ತೆಳು ವೈರು ಕಂಡರೆ ಅದು ಬ್ಯಾಟರಿ ಸೆನ್ಸರ್. ನೇರವಾಗಿ ಟರ್ಮಿನಲ್ಲಿಗೆ ಹಾಕಿದರೆ ಎಷ್ಟು ಚಾರ್ಜ್ ಒಳಗೆ ಹೋಯಿತು ಅಂತ ಕಾರಿಗೆ ಗೊತ್ತೇ ಆಗುವುದಿಲ್ಲ.

ಇಷ್ಟಾದ ಮೇಲೆ ಸ್ವಿಚ್ ಆನ್. ತೆಗೆಯುವಾಗ ಮೊದಲು ಸ್ವಿಚ್ ಆಫ್, ಆಮೇಲೆ ಕಪ್ಪು, ಕೊನೆಗೆ ಕೆಂಪು.

ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಕ್ಲಿಪ್ ಹಾಕುವ ಮುಂಚೆ ಕೇಬಲ್ ಬಿಚ್ಚಿ, ಅಡುಗೆ ಸೋಡಾ ಕಲಸಿದ ಬಿಸಿ ನೀರಿನಲ್ಲಿ ಹಳೆಯ ಟೂತ್ ಬ್ರಷ್ಷಿನಿಂದ ಉಜ್ಜಿ. ನೊರೆ ಬಂದರೆ ಆಸಿಡ್ ಹೋಗುತ್ತಿದೆ ಅಂತ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು. ಒರೆಸಿ, ಕೇಬಲ್ ಬಿಗಿಮಾಡಿ, ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿ. ಬ್ಯಾಟರಿ ಡೌನ್ ಅಂತ ಬಂದ ಕಾರುಗಳಲ್ಲಿ ಕೆಲವದರ ರೋಗ ಬರೀ ಈ ಪುಡಿ ಮತ್ತು ಸಡಿಲ ನಟ್ಟು.

ನೀರು ಹಾಕುವ ಬ್ಯಾಟರಿ ಆದರೆ, ಚಾರ್ಜ್ ಮುಗಿದ ಮೇಲೆ ಡಿಸ್ಟಿಲ್ಡ್ ವಾಟರ್ ಹಾಕಿ ಮಟ್ಟ ಸರಿಮಾಡಿ. ಪ್ಲೇಟುಗಳು ಮುಳುಗಿಲ್ಲದಿದ್ದರೆ ಮಾತ್ರ ಮೊದಲೇ ಮುಳುಗುವಷ್ಟು ಹಾಕಬೇಕು. ಖಾಲಿ ಬ್ಯಾಟರಿಗೆ ಗುರುತಿನವರೆಗೆ ತುಂಬಿಸಿ ಚಾರ್ಜಿಗೆ ಹಾಕಿದರೆ ಉಕ್ಕಿ ಆಸಿಡ್ ಹೊರಗೆ ಬರುತ್ತದೆ. ಕಾವೇರಿ ನೀರೂ ಬೇಡ, ಬೋರ್ ನೀರೂ ಬೇಡ, ಆರ್‌ಒ ನೀರೂ ಬೇಡ. ಆಸಿಡ್ ಅಂತೂ ಬೇಡವೇ ಬೇಡ, ಆರಿರುವುದು ನೀರು ಮಾತ್ರ.

ಎಷ್ಟು ಹೊತ್ತು ಅಂದಿರಿ. ಅರ್ಧ ಖಾಲಿಯಾದ 35 ಎಎಚ್ ಬ್ಯಾಟರಿಗೆ 17, 18 ಎಎಚ್ ಬೇಕು. 4 ಆಂಪಿಯರಿನಲ್ಲಿ ಲೆಕ್ಕಕ್ಕೆ ನಾಲ್ಕೂವರೆ ಗಂಟೆ. ಆದರೆ ಕೊನೆಯ ಭಾಗ ನಿಧಾನ, ಹಾಗಾಗಿ ಎಂಟು ಗಂಟೆ ಅಂತ ಇಟ್ಟುಕೊಳ್ಳಿ. ರಾತ್ರಿ ಊಟ ಮಾಡಿ ಹಾಕಿದರೆ ಬೆಳಿಗ್ಗೆ ಕಾಫಿ ಹೊತ್ತಿಗೆ ಆಗಿರುತ್ತದೆ. ಕರೆಂಟ್ ಬಿಲ್ಲಿನ ಚಿಂತೆ ಬೇಡ, ಪೂರ್ತಿ ಖಾಲಿ ಬ್ಯಾಟರಿಯನ್ನು ತುಂಬಿಸಿದರೂ ಒಂದು ಯೂನಿಟ್ ಆಗುವುದಿಲ್ಲ.

ಚಾರ್ಜ್ ಆಗಿ ಕ್ಲಿಪ್ ತೆಗೆದು ಒಂದು ರಾತ್ರಿ ಬಿಟ್ಟು ಮತ್ತೆ ನೋಡಿ. 12.6 ನಿಂತಿದ್ದರೆ ಬ್ಯಾಟರಿಗೆ ಇನ್ನೂ ಜೀವ ಇದೆ. ಕೇಬಲ್ ಬಿಚ್ಚಿಟ್ಟಾಗಲೂ 12.2ಕ್ಕೆ ಇಳಿದಿದ್ದರೆ ಅದರ ಕಾಲ ಮುಗಿಯುತ್ತಾ ಬಂದಿದೆ. 10.5ರ ಹತ್ತಿರ ತೋರಿಸಿದರೆ ಒಂದು ಸೆಲ್ ಹೋಗಿದೆ ಅಂತ ಅರ್ಥ, ಪ್ರತಿ ಸೆಲ್ ಎರಡು ವೋಲ್ಟಿನ ಚಿಲ್ಲರೆ ತಾನೆ. ಅದಕ್ಕೆ ಯಾವ ಚಾರ್ಜರೂ ಔಷಧಿಯಲ್ಲ. ಕೆಲವು ಚಾರ್ಜರ್‌ನಲ್ಲಿ ‘ರಿಪೇರ್’ ಬಟನ್ ಇರುತ್ತದೆ. ಹೆಚ್ಚಿನ ವೋಲ್ಟೇಜಿನ ಪಲ್ಸ್ ಕೊಟ್ಟು ಗಟ್ಟಿಯಾದ ಸಲ್ಫೇಟನ್ನು ಒಡೆಯುವ ಪ್ರಯತ್ನ ಅದು. ಇತ್ತೀಚೆಗೆ ಖಾಲಿಯಾದ ಬ್ಯಾಟರಿಗೆ ಸ್ವಲ್ಪ ಉಪಕಾರ ಆಗಬಹುದು. ಮಾಡುವುದಾದರೆ ಬ್ಯಾಟರಿಯನ್ನು ಕಾರಿನಿಂದ ಹೊರಗೆ ತೆಗೆದು ಮಾಡಿ, ಕಾರಿನ ಎಲೆಕ್ಟ್ರಾನಿಕ್ಸ್‌ಗೆ ಆ ವೋಲ್ಟೇಜ್ ಒಳ್ಳೆಯದಲ್ಲ. ಹೊಸ ಬ್ಯಾಟರಿ ಕೊಳ್ಳಲೇಬೇಕಾಗಿ ಬಂದರೆ ಮೀಟರ್ ಜೊತೆಗೆ ಅಂಗಡಿಗೆ ಹೋಗಿ. ಶೆಲ್ಫಿನಲ್ಲಿ ತಿಂಗಳುಗಟ್ಟಲೆ ನಿಂತು 12.3ಕ್ಕೆ ಇಳಿದದ್ದನ್ನು ‘ಹೊಸದು’ ಅಂತ ಮನೆಗೆ ತರಬೇಡಿ.

ಕೊಳ್ಳುವಾಗ ಇನ್ನೊಂದೆರಡು ನೋಡಿ. ಇನ್‌ಪುಟ್ ವೋಲ್ಟೇಜ್ ಎಷ್ಟರಿಂದ ಎಷ್ಟು ಅಂತ ಚಾರ್ಜರಿನ ಮೇಲೆ ಬರೆದಿರುತ್ತದೆ. ಬರೀ 220ರಿಂದ 240 ಇದ್ದರೆ ನಿಮ್ಮ ಊರಿನ ಮನೆಯಲ್ಲಿ ಸಂಜೆ ಹೊತ್ತು ಕಷ್ಟ. 180ಕ್ಕೂ ಕೆಲಸ ಮಾಡುವುದನ್ನು ತೆಗೆದುಕೊಳ್ಳಿ. ಕರೆಂಟ್ ಹೋಗಿ ಬಂದ ಮೇಲೆ ಹಿಂದಿನ ಸೆಟ್ಟಿಂಗ್‌ನಲ್ಲೇ ತಾನಾಗಿ ಮುಂದುವರಿಯಬೇಕು. ಕೆಲವು ಮಾಡೆಲ್ ಬಟನ್ ಒತ್ತುವವರೆಗೂ ಸುಮ್ಮನೆ ಕೂತಿರುತ್ತವೆ. ಪೂರ್ತಿ ಸತ್ತ ಬ್ಯಾಟರಿಗೆ ಹಾಕಿದರೆ ಸ್ಮಾರ್ಟ್ ಚಾರ್ಜರ್ ಅದನ್ನು ಬ್ಯಾಟರಿ ಅಂತಲೇ ಗುರುತಿಸದೆ ದೀಪ ಮಿಣುಕಿಸುತ್ತಾ ನಿಲ್ಲುವುದೂ ಉಂಟು. ಆಗ ಇನ್ನೊಂದು ಒಳ್ಳೆಯ 12 ವೋಲ್ಟ್ ಬ್ಯಾಟರಿಯನ್ನು ಜಂಪರ್ ಕೇಬಲ್ಲಿನಿಂದ ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಸೇರಿಸಿ ಕೆಲವು ನಿಮಿಷ ಬಿಟ್ಟರೆ ಎಚ್ಚರವಾಗುತ್ತದೆ. ಟರ್ಮಿನಲ್ಲಿಗೆ ಶಾಶ್ವತವಾಗಿ ಬಿಗಿಯುವ, ಫ್ಯೂಸ್ ಇರುವ ಒಂದು ಪುಟ್ಟ ವೈರು ಕೆಲವು ಚಾರ್ಜರ್ ಜೊತೆ ಬರುತ್ತದೆ. ಅದನ್ನು ಹಾಕಿಸಿಕೊಂಡರೆ ರಾತ್ರಿಯೆಲ್ಲ ಬಾನೆಟ್ ಅರ್ಧ ತೆರೆದಿಡುವುದು ತಪ್ಪುತ್ತದೆ. ತೆರೆದಿಟ್ಟ ಬಾನೆಟ್ ಇಲಿಗಳಿಗೆ ಆಹ್ವಾನ ಪತ್ರಿಕೆ, ಇದು ನಿಮಗೂ ಗೊತ್ತಿರಬೇಕು.

ಬ್ಯಾಟರಿ ನೆನಪಾಗುವುದು ಬಹಳ ಜನಕ್ಕೆ ಆಯುಧಪೂಜೆಯ ಬೆಳಿಗ್ಗೆ. ತೊಳೆದು, ಹೂವಿಟ್ಟು, ನಿಂಬೆಹಣ್ಣು ಚಕ್ರದ ಕೆಳಗೆ ಇಟ್ಟ ಮೇಲೆ ಗಾಡಿ ಎದ್ದೇಳುವುದಿಲ್ಲ. ಅವಸರಕ್ಕೆ ಚಾರ್ಜರ್ ಹಾಕಿ, ಅದರ ಎದುರೇ ಕರ್ಪೂರ ಬೆಳಗುವವರಿದ್ದಾರೆ. ಚಾರ್ಜರ್ ತೆಗೆದು, ಬಾನೆಟ್ ಸ್ವಲ್ಪ ಹೊತ್ತು ತೆರೆದಿಟ್ಟು ಗಾಳಿ ಆಡಿದ ಮೇಲೆ ಮಂಗಳಾರತಿ ಆಗಲಿ.

ಇನ್ನು ಉಳಿದ ಗಾಡಿಗಳು. ಸ್ಕೂಟರ್ ಬ್ಯಾಟರಿ 4, 5 ಎಎಚ್‌ನ ಪುಟ್ಟದು, ಸೀಲ್ ಮಾಡಿದ್ದು. ಅದಕ್ಕೆ ಅರ್ಧ ಆಂಪಿಯರ್ ಸಾಕು, ಒಂದರ ಮೇಲೆ ಹೋಗಬಾರದು. ಕಾರಿನ 4 ಆಂಪಿಯರ್ ಕೊಟ್ಟರೆ ಒಳಗಿನ ಗ್ಯಾಸು ವಾಲ್ವಿನಿಂದ ಹೊರಗೆ ಹೋಗುತ್ತದೆ, ಮತ್ತೆ ನೀರು ತುಂಬಲು ಅಲ್ಲಿ ದಾರಿಯೇ ಇಲ್ಲ. ಆದ್ದರಿಂದ ‘ಬೈಕ್’ ಮೋಡ್ ಇರುವ ಚಾರ್ಜರ್ ಕೊಳ್ಳಿ. ಸ್ಕೂಟರ್ ಎಲೆಕ್ಟ್ರಿಕ್ ಆಗಿದ್ದರೆ ಅದರ ದೊಡ್ಡ ಲಿಥಿಯಂ ಬ್ಯಾಟರಿಗೆ ಅದರದೇ ಚಾರ್ಜರ್, ಈ ಮಾತೆಲ್ಲ ಅದಕ್ಕೆ ಅನ್ವಯಿಸುವುದಿಲ್ಲ.

ಟ್ರ್ಯಾಕ್ಟರ್ ಬ್ಯಾಟರಿ ದೊಡ್ಡದು, 75ರಿಂದ 100 ಎಎಚ್ ಒಳಗೆ ಇರುತ್ತದೆ. ಅದೇ 4, 5 ಆಂಪಿಯರ್ ಚಾರ್ಜರಿನಲ್ಲಿ ತುಂಬುತ್ತದೆ, ಆದರೆ ಒಂದು ಹಗಲು ರಾತ್ರಿ ಬೇಕಾಗಬಹುದು. ಹಳೆಯ ಟ್ರ್ಯಾಕ್ಟರಿನಲ್ಲಿ ಸೋರಿಕೆಯ ಎಲೆಕ್ಟ್ರಾನಿಕ್ಸ್ ಏನೂ ಇಲ್ಲ, ಬ್ಯಾಟರಿ ತಾನಾಗೇ ಇಳಿಯುವುದಷ್ಟೇ. ಕಬ್ಬು ಸಾಗಿಸುವ ಕಾಲ ಮುಗಿದು ನಿಲ್ಲಿಸುವಾಗ ಮೈನಸ್ ಕೇಬಲ್ ಬಿಚ್ಚಿಸಿ, ಇಲ್ಲವೇ ಒಂದು ಕಟ್-ಆಫ್ ಸ್ವಿಚ್ ಹಾಕಿಸಿ, ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿ. ಅಲ್ಲಿಗೆ ಮೇಂಟೇನರ್ ಬೇಡ. ಬ್ಯಾಟರಿ ಹಿಡಿದಿರುವ ಕ್ಲಾಂಪ್ ಮಾತ್ರ ಬಿಗಿ ಇದೆಯಾ ನೋಡಿಸಿ. ಕಬ್ಬಿನ ಗದ್ದೆಯ ದಾರಿಯಲ್ಲಿ ಕುಲುಕಿ ಕುಲುಕಿ ಪ್ಲೇಟು ಉದುರಿ ಸಾಯುವ ಬ್ಯಾಟರಿಗಳೇ ಟ್ರ್ಯಾಕ್ಟರಿನಲ್ಲಿ ಜಾಸ್ತಿ.

ಯೆಜ್ಡಿ ವಿಚಾರದಲ್ಲಿ ಹುಷಾರು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಮೈಸೂರು, ಮಂಡ್ಯದ ಮನೆಗಳಲ್ಲಿ ಆ ಗಾಡಿಗಳು ಇನ್ನೂ ಇವೆ. ಹಳೆಯ ಜಾವಾ, ಯೆಜ್ಡಿಗಳಲ್ಲಿ ಬಹಳಷ್ಟು 6 ವೋಲ್ಟಿನವು. 12 ವೋಲ್ಟ್ ಚಾರ್ಜರ್ ಹಾಕಿದರೆ ಅದು ಕುದಿದು ಹೋಗುತ್ತದೆ. ಬ್ಯಾಟರಿಯ ಮೇಲಿನ ಮುಚ್ಚಳ ಎಣಿಸಿ. ಮೂರು ಇದ್ದರೆ 6 ವೋಲ್ಟ್, ಆರು ಇದ್ದರೆ 12. ಚಾರ್ಜರ್ 6 ಮತ್ತು 12 ಎರಡನ್ನೂ ಮಾಡುವಂಥದ್ದಾಗಿರಲಿ, ಆದರೆ ಆಯ್ಕೆ ನಿಮ್ಮ ಕೈಯಲ್ಲಿರಲಿ. ತಾನಾಗೇ ಗುರುತಿಸುವ ಚಾರ್ಜರ್, ಪೂರ್ತಿ ಇಳಿದು 6, 7 ವೋಲ್ಟಿಗೆ ಬಂದ ಕಾರ್ ಬ್ಯಾಟರಿಯನ್ನೂ 6 ವೋಲ್ಟ್ ಅಂದುಕೊಳ್ಳಬಹುದು. ಹಾಗಾಗಿ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಇದು. 6 ಮತ್ತು 12 ವೋಲ್ಟ್, 1 ಮತ್ತು 4 ಅಥವಾ 5 ಆಂಪಿಯರ್ ಬಟನ್ನಿನಲ್ಲಿ ಆರಿಸುವಂಥ, ಫ್ಲೋಟ್ ಇರುವ ಒಂದೇ ಚಾರ್ಜರ್ ನಿಮ್ಮ ನಾಲ್ಕೂ ಗಾಡಿಗೆ ಸಾಕು.

ಯೆಜ್ಡಿ ಬ್ಯಾಟರಿಯನ್ನು ಗಾಡಿಯಿಂದ ಹೊರಗೆ ತೆಗೆದೇ ಚಾರ್ಜ್ ಮಾಡಿ, ಮುಚ್ಚಳಗಳು ಸಡಿಲ ಇರಲಿ, 1 ಆಂಪಿಯರ್ ದಾಟಬೇಡಿ. ಗಾಡಿಯಲ್ಲೇ ಬಿಟ್ಟರೆ ಉಸಿರಾಟದ ಪೈಪಿನಿಂದ ತೊಟ್ಟಿಕ್ಕುವ ಆಸಿಡ್ ತಂದೆಯವರ ಕಾಲದ ಆ ಕ್ರೋಮನ್ನು ತಿಂದುಹಾಕುತ್ತದೆ. ಪಾಯಿಂಟ್ (ಕಿಡಿ ಯಾವಾಗ ಹಾರಬೇಕು ಅಂತ ನಿರ್ಧರಿಸುವ ಹಳೆಯ ಕಾಲದ ಸ್ವಿಚ್ಚು) ಇರುವ ಮಾಡೆಲ್ ಆದರೆ ಬ್ಯಾಟರಿ ಸತ್ತಾಗ ಕಿಕ್ಕರ್ ಎಷ್ಟು ಹೊಡೆದರೂ ಕಿಡಿ ಸರಿಯಾಗಿ ಬರುವುದಿಲ್ಲ. ತುಂಬಿದ ಬ್ಯಾಟರಿ ರಾತ್ರಿ ಬಿಟ್ಟು ನೋಡಿದಾಗ 6.3 ವೋಲ್ಟ್ ತೋರಿಸಬೇಕು. ತೋರಿಸಿದರೆ ವಾಪಸ್ ಕೂರಿಸಿ, ಮೊದಲು ಗಾಡಿಯ ವೈರು ಎಲ್ಲಿ ಯಾವ ಕಂಬಕ್ಕಿತ್ತೋ ಅದೇ ಕಂಬಕ್ಕೆ ಹಾಕಿ. ಬಿಚ್ಚುವ ಮುಂಚೆ ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡರೆ ಆಯಿತು.